ಸೇವಾಜಾಲಗಳ ಡಿಜಿಟಲ್ ನಕ್ಷೆ

ವಿದ್ಯುತ್ತು, ಕುಡಿಯುವ ನೀರು, ಒಳಚರಂಡಿ, ಅನಿಲ, ದೂರಸಂಪರ್ಕ ಮುಂತಾದ ಸೇವೆಗಳನ್ನು ಒದಗಿಸುವ ಸಂಸ್ಥೆಗಳು ತಮ್ಮ ಕಂಬ, ತಂತಿ, ಕೊಳವೆ, ವಾಲ್ವ್, ಮೀಟರುಗಳು ಎಲ್ಲಿವೆ, ಒಂದಕ್ಕೊಂದು ಹೇಗೆ ಕೂಡಿಕೊಂಡಿವೆ, ಯಾವಾಗ ಹಾಕಿದವು, ಈಗ ಯಾವ ಸ್ಥಿತಿಯಲ್ಲಿವೆ ಎಂಬುದನ್ನು ಕಂಪ್ಯೂಟರಿನಲ್ಲಿ ದಾಖಲಿಸಿ ಬಳಸುವ ನಕ್ಷೆ. ಇದರ ತಳಹದಿ ಭೌಗೋಳಿಕ ಮಾಹಿತಿ ವ್ಯವಸ್ಥೆ. ಜಿಐಎಸ್ ಎಂಬ ಹ್ರಸ್ವನಾಮವೇ ಕಚೇರಿಗಳಲ್ಲಿ ರೂಢಿಯಲ್ಲಿದೆ. ಕಾಗದದ ನಕ್ಷೆ ಸ್ಥಳವನ್ನಷ್ಟೇ ತೋರಿಸುತ್ತದೆ. ಡಿಜಿಟಲ್ ನಕ್ಷೆಯಲ್ಲಿ ಪ್ರತಿ ಗುರುತಿನ ಹಿಂದೆಯೂ ಒಂದು ದಾಖಲೆಯಿದ್ದು, ಪ್ರಶ್ನೆ ಕೇಳಿದರೆ ಉತ್ತರ ಬರುತ್ತದೆ: ಈ ಸ್ವಿಚ್ ತೆಗೆದರೆ ಯಾವ ಯಾವ ಮನೆ ಕತ್ತಲಾಗುತ್ತದೆ, ಈ ವಾಲ್ವ್ ಮುಚ್ಚಿದರೆ ಯಾವ ಬೀದಿಗೆ ನೀರು ನಿಲ್ಲುತ್ತದೆ ಎಂಬಂಥ ಪ್ರಶ್ನೆಗಳು.

ಇದರ ಅಗತ್ಯವನ್ನು ಒಂದು ಹಳ್ಳಿಯ ಉದಾಹರಣೆಯಿಂದ ತಿಳಿಯಬಹುದು. ಮೈಸೂರು ಅರಸರ ಮೂಲಪುರುಷ ಯದುರಾಯನ ಐತಿಹ್ಯದಲ್ಲಿ ಹದಿನಾಡು ಎಂಬ ಹೆಸರಿನಿಂದ ಬರುವ ಊರು ನಂಜನಗೂಡು ತಾಲ್ಲೂಕಿನ ಇಂದಿನ ಹದಿನಾರು. ಇಂಥ ಊರಿನ ಒಂದು ಬೀದಿಯಲ್ಲಿ ತಲೆಯ ಮೇಲಿನ ತಂತಿ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ್ದು (ಸೆಸ್ಕ್), ಕಾಲಡಿಯ ನಲ್ಲಿ ಕೊಳವೆ ಗ್ರಾಮ ಪಂಚಾಯಿತಿಯದು. ಮನೆ, ನಿವೇಶನಗಳ ಲೆಕ್ಕ ಇ-ಸ್ವತ್ತು ತಂತ್ರಾಂಶದಲ್ಲಿದೆ. ಊರಾಚೆಯ ಹೊಲಗದ್ದೆಗಳ ಗಡಿ ಸರ್ವೆ ಇಲಾಖೆಯದು, ಆ ಸೀಮೆಯ ನಾಲೆಗಳು ಕಾವೇರಿ ನೀರಾವರಿ ನಿಗಮದವು. ಪ್ರತಿ ಇಲಾಖೆಗೂ ಅದರದೇ ಪುಸ್ತಕ, ಅದರದೇ ಸಂಖ್ಯೆ. ನೆಲ ಮಾತ್ರ ಒಂದೇ. ಬೇರೆ ಬೇರೆ ಪುಸ್ತಕಗಳನ್ನು ಒಂದೇ ನೆಲದ ಮೇಲೆ ಹಾಸಿ ನೋಡುವ ಸಾಧನವೇ ಡಿಜಿಟಲ್ ನಕ್ಷೆ.

ಹಿನ್ನೆಲೆ

ಸೇವಾಜಾಲದ ಮೊದಲ ನಕ್ಷೆ ಇದ್ದದ್ದು ಮನುಷ್ಯನ ತಲೆಯಲ್ಲಿ. ಕೆರೆಯ ತೂಬು ಎತ್ತಿ ಇಳಿಸಿ ಗದ್ದೆಗಳಿಗೆ ಸರದಿಯಂತೆ ನೀರು ಬಿಡುತ್ತಿದ್ದ ನೀರಗಂಟಿಗೆ ಯಾವ ಕಾಲುವೆ ಯಾವ ಹೊಲಕ್ಕೆ ಹೋಗುತ್ತದೆ ಎಂಬುದು ಬಾಯಿಪಾಠ. ಇಂದಿಗೂ ಹಳ್ಳಿಗಳಲ್ಲಿ ಓವರ್‌ಹೆಡ್ ಟ್ಯಾಂಕಿನಿಂದ ಬೀದಿಬೀದಿಗೆ ನೀರು ತಿರುಗಿಸುವವನಿಗೆ ಅದೇ ಹೆಸರಿದೆ. ಲೈನ್‌ಮ್ಯಾನ್‌ಗಳ ತಿಳಿವಳಿಕೆಯೂ ಇದೇ ಬಗೆಯದು. ಹುಣಸೆಮರದ ಟಿಸಿ (ಟ್ರಾನ್ಸ್‌ಫಾರ್ಮರ್), ಶಾಲೆ ಹಿಂದಿನ ಕಂಬ ಎಂಬುದೇ ಅವರ ವಿಳಾಸ. ಲೈನ್‌ಮ್ಯಾನ್ ವರ್ಗವಾದರೆ ಅಥವಾ ನಿವೃತ್ತನಾದರೆ ನಕ್ಷೆಯೂ ಅವನೊಡನೆ ಹೋಗುತ್ತದೆ.

ಬರಹದ ನಕ್ಷೆಗಳ ಪರಂಪರೆ ಹಳೆಯ ಮೈಸೂರಿನಲ್ಲಿ ಗಟ್ಟಿಯಾಗಿದೆ. 1799ರಲ್ಲಿ ಟಿಪ್ಪು ಸುಲ್ತಾನನ ಪತನವಾದ ಮೇಲೆ ಕಾಲಿನ್ ಮೆಕೆಂಜಿ ಮೈಸೂರು ಸಂಸ್ಥಾನದ ಮೋಜಣಿ ಕೈಗೊಂಡ. ಕೈಫಿಯತ್ತುಗಳ ಸಂಗ್ರಾಹಕನೆಂದು ಕನ್ನಡಿಗರಿಗೆ ಪರಿಚಿತನಾದ ಈತನೇ ಮುಂದೆ 1815ರಲ್ಲಿ ಭಾರತದ ಮೊದಲ ಸರ್ವೇಯರ್ ಜನರಲ್ ಆದ. ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದರಾಸಿನಲ್ಲಿ ಆರಂಭಿಸಿದ ತ್ರಿಕೋನಮಿತಿ ಮೋಜಣಿಗೆ 1804ರಲ್ಲಿ ಬೆಂಗಳೂರಿನ ಬಳಿ ಇನ್ನೊಂದು ಆಧಾರರೇಖೆ ಅಳೆಯಲಾಯಿತು. 1863ರಲ್ಲಿ ಮೈಸೂರು ಸಂಸ್ಥಾನದಲ್ಲಿ ಕಂದಾಯ ಸರ್ವೆ ಇಲಾಖೆ ಆರಂಭವಾಯಿತು. 33 ಅಡಿಯ ಸರಪಳಿ, ಬಾಂದುಕಲ್ಲು, ಟಿಪ್ಪಣಿ, ಆಕಾರಬಂದ್, ಗ್ರಾಮನಕ್ಷೆ ಇವೆಲ್ಲ ಆ ಪದ್ಧತಿಯ ಅಂಗಗಳು. ಇವತ್ತು ಪರದೆಯ ಮೇಲೆ ಕಾಣುವ ಸರ್ವೆ ನಂಬರಿನ ಗೆರೆ ಬಹುಮಟ್ಟಿಗೆ ಈ ಸರಪಳಿ ಎಳೆದ ಗೆರೆಯೇ.

ಸೇವಾಜಾಲಗಳು ಬಂದದ್ದು ಆಮೇಲೆ. ತಿರುಮಕೂಡಲು ನರಸೀಪುರದಲ್ಲಿ ಕಪಿಲೆಯನ್ನು, ಅಂದರೆ ಕಬಿನಿಯನ್ನು, ಕೂಡಿಕೊಂಡು ಮುಂದೆ ಹರಿಯುವ ಕಾವೇರಿ ಶಿವನಸಮುದ್ರದಲ್ಲಿ ಧುಮುಕುತ್ತದೆ. ಅಲ್ಲಿನ ವಿದ್ಯುದಾಗಾರ 1902ರ ಜೂನ್‌ನಲ್ಲಿ ಕೋಲಾರ ಚಿನ್ನದ ಗಣಿಗಳಿಗೆ 92 ಮೈಲಿ, ಅಂದರೆ ಸುಮಾರು 148 ಕಿಮೀ ಉದ್ದದ ಮಾರ್ಗದಲ್ಲಿ ವಿದ್ಯುತ್ ಕಳಿಸಿತು. ಆ ಕಾಲಕ್ಕೆ ಪ್ರಪಂಚದಲ್ಲೇ ಅತಿ ಉದ್ದದ ಪ್ರಸರಣ ಮಾರ್ಗಗಳಲ್ಲಿ ಅದೂ ಒಂದು. ಬೆಂಗಳೂರಿಗೆ 1905ರಲ್ಲಿ, ಮೈಸೂರಿಗೆ 1908ರಲ್ಲಿ ವಿದ್ಯುತ್ ಬಂತು. ಒಂದು ಮೂಲದಿಂದ ಒಂದು ಗಣಿಗೆ ಹೋಗುವ ಮಾರ್ಗಕ್ಕೆ ಒಂದು ಹಾಳೆಯ ನಕ್ಷೆ ಸಾಕಿತ್ತು. ಮನೆಮನೆಗೆ, ಹೊಲದ ಪಂಪ್‌ಸೆಟ್ಟಿಗೆ ತಂತಿ ಕವಲೊಡೆದ ಮೇಲೆ ಹಾಳೆ ಸಾಲದಾಯಿತು.

ಕಂಪ್ಯೂಟರ್ ನಕ್ಷೆಯ ಕಲ್ಪನೆಗೆ ರೂಪ ಕೊಟ್ಟದ್ದು 1960ರ ದಶಕದ ಕೆನಡಾದಲ್ಲಿ. ಭೂಬಳಕೆಯ ದಾಖಲೆಗಾಗಿ ರೋಜರ್ ಟಾಮ್ಲಿನ್ಸನ್ ಅಲ್ಲಿ ಮೊದಲ ಜಿಐಎಸ್ ರೂಪಿಸಿದರು. 1970ರ ದಶಕದಿಂದ ಅಮೆರಿಕದ ವಿದ್ಯುತ್ ಮತ್ತು ಅನಿಲ ಕಂಪನಿಗಳು ಅದನ್ನು ತಮ್ಮ ಜಾಲಗಳಿಗೆ ಅಳವಡಿಸತೊಡಗಿದವು. ಭಾರತಕ್ಕೆ 1988ರಲ್ಲಿ ಸ್ವಂತ ದೂರಸಂವೇದಿ ಉಪಗ್ರಹ ಐಆರ್‌ಎಸ್-1ಎ ದೊರೆಯಿತು. 2000ದ ಮೇ ತಿಂಗಳಲ್ಲಿ ಅಮೆರಿಕ ತನ್ನ ಜಿಪಿಎಸ್ ಸಂಕೇತದಲ್ಲಿ ಬೇಕೆಂದೇ ಸೇರಿಸುತ್ತಿದ್ದ ದೋಷವನ್ನು ನಿಲ್ಲಿಸಿದ ಮೇಲೆ ಅಗ್ಗದ ಉಪಕರಣವೊಂದನ್ನು ಹಿಡಿದು ಕಂಬದ ಸ್ಥಾನ ಗುರುತಿಸುವುದು ಯಾರಿಗೂ ಸಾಧ್ಯವಾಯಿತು.

ರಚನೆ

ಡಿಜಿಟಲ್ ನಕ್ಷೆಯಲ್ಲಿ ವಸ್ತುಗಳು ಮೂರು ರೂಪದಲ್ಲಿರುತ್ತವೆ. ಕಂಬ, ಟ್ರಾನ್ಸ್‌ಫಾರ್ಮರ್, ಕೊಳವೆಬಾವಿ, ವಾಲ್ವ್ ಇವು ಬಿಂದುಗಳು. ತಂತಿ, ಕೊಳವೆ, ನಾಲೆ ಇವು ರೇಖೆಗಳು. ಜಮೀನು, ಕೆರೆ, ಗ್ರಾಮದ ಎಲ್ಲೆ ಇವು ಕ್ಷೇತ್ರಗಳು. ಒಂದೊಂದು ಬಗೆಯ ವಸ್ತುವಿಗೆ ಒಂದೊಂದು ಪದರವಿದ್ದು, ಬೇಕಾದ ಪದರಗಳನ್ನು ಒಂದರ ಮೇಲೊಂದು ಇಟ್ಟು ನೋಡಬಹುದು. ಹದಿನಾರು ಕೆರೆಗೆ ಚಳಿಗಾಲದಲ್ಲಿ ಹಿಮಾಲಯದಾಚೆಯಿಂದ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಕೆರೆಯ ಪದರದ ಮೇಲೆ 11 ಕೆವಿ ಲೈನಿನ ಪದರ ಇಟ್ಟರೆ ಹಕ್ಕಿಗಳ ಹಾದಿಗೆ ತಂತಿ ಎಲ್ಲಿ ಅಡ್ಡ ಬರುತ್ತದೆ, ಎಚ್ಚರಿಕೆಯ ಬಿಲ್ಲೆಗಳನ್ನು ಎಲ್ಲಿ ತೂಗಬೇಕು ಎಂಬುದು ಕಚೇರಿಯಲ್ಲೇ ತಿಳಿಯುತ್ತದೆ.

ಸೇವಾಜಾಲದ ನಕ್ಷೆಗೂ ಉಳಿದ ನಕ್ಷೆಗಳಿಗೂ ಇರುವ ಮುಖ್ಯ ವ್ಯತ್ಯಾಸ ಸಂಬಂಧದ ದಾಖಲೆ. ಎರಡು ತಂತಿ ಒಂದರ ಮೇಲೊಂದು ಹಾಯ್ದುಹೋಗಿವೆಯೋ, ಅಲ್ಲಿ ಜೋಡಣೆಯಿದೆಯೋ ಎಂಬುದು ಚಿತ್ರದಲ್ಲಿ ಒಂದೇ ರೀತಿ ಕಾಣುತ್ತದೆ. ಜಾಲದ ದಾಖಲೆಯಲ್ಲಿ ಅವು ಬೇರೆ ಬೇರೆ. ಈ ದಾಖಲೆ ಸರಿಯಿದ್ದರೆ ವಿದ್ಯುತ್ ಸ್ಟೇಷನ್ನಿನಿಂದ ಮನೆಯ ಮೀಟರಿನವರೆಗೂ, ಮೀಟರಿನಿಂದ ಹಿಂದಕ್ಕೂ ಜಾಡು ಹಿಡಿಯಬಹುದು.

ವಿದ್ಯುತ್ ಜಾಲ

ಕರ್ನಾಟಕದಲ್ಲಿ ಡಿಜಿಟಲ್ ನಕ್ಷೆಯನ್ನು ಹೆಚ್ಚು ವ್ಯಾಪಕವಾಗಿ ಬಳಸಿರುವುದು ವಿದ್ಯುತ್ ಕಂಪನಿಗಳು. 2005ರಿಂದ ಕಾರ್ಯನಿರತವಾಗಿರುವ ಸೆಸ್ಕ್‌ಗೆ ಮೈಸೂರು, ಚಾಮರಾಜನಗರ, ಮಂಡ್ಯ, ಹಾಸನ, ಕೊಡಗು ಈ ಐದು ಜಿಲ್ಲೆಗಳು ಸೇರುತ್ತವೆ. ರಾಜ್ಯದ ವಿದ್ಯುತ್ ಪ್ರಸರಣ ನಿಗಮವಾದ ಕೆಪಿಟಿಸಿಎಲ್‌ನ ಸ್ಟೇಷನ್ನಿನಿಂದ ಹೊರಡುವ 11 ಕೆವಿ ಫೀಡರ್, ಅದರ ಮೇಲಿನ ಟಿಸಿಗಳು, ಟಿಸಿಯಿಂದ ಕಡಿಮೆ ಒತ್ತಡದ ಎಲ್‌ಟಿ ಲೈನ್, ಅಲ್ಲಿಂದ ಆರ್‌ಆರ್ ನಂಬರ್ (ಗ್ರಾಹಕ ಸಂಖ್ಯೆ) ಹೊತ್ತ ಮನೆ ಅಥವಾ ಪಂಪ್‌ಸೆಟ್, ಇದು ಜಾಲದ ಸರಪಣಿ.

ಕೇಂದ್ರ ಸರ್ಕಾರ 2008ರಲ್ಲಿ ಆರಂಭಿಸಿದ ಆರ್-ಎಪಿಡಿಆರ್‌ಪಿ ಯೋಜನೆ ಈ ಸರಪಣಿಯನ್ನು ನಕ್ಷೆಗಿಳಿಸುವುದಕ್ಕೆ ದೇಶದಾದ್ಯಂತ ನೂಕುಬಲವಾಯಿತು. 30,000ಕ್ಕಿಂತ ಹೆಚ್ಚು ಜನಸಂಖ್ಯೆಯ ಪಟ್ಟಣಗಳಲ್ಲಿ ಕಂಬ, ಟಿಸಿಗಳ ಸ್ಥಾನ ಗುರುತಿಸಿ, ಯಾವ ಆರ್‌ಆರ್ ನಂಬರ್ ಯಾವ ಟಿಸಿಯ ಕೆಳಗೆ ಬರುತ್ತದೆ ಎಂಬುದನ್ನು ದಾಖಲಿಸುವುದು ಅದರ ಮೊದಲ ಭಾಗ. ಇದಕ್ಕೆ ಗ್ರಾಹಕ ಸೂಚೀಕರಣ ಎನ್ನುತ್ತಾರೆ.

ಸೂಚೀಕರಣದ ಮೊದಲ ಫಲ ಸೋರಿಕೆಯ ಲೆಕ್ಕ. ಉದಾಹರಣೆಗೆ, ಒಂದು ಟಿಸಿಯ ಮೀಟರಿನಲ್ಲಿ ತಿಂಗಳಿಗೆ 10,000 ಯೂನಿಟ್ ದಾಖಲಾಗಿ, ಅದರ ಕೆಳಗಿನ ಎಲ್ಲ ಮನೆಗಳ ಬಿಲ್ ಕೂಡಿದಾಗ 8,200 ಯೂನಿಟ್ ಬಂದರೆ ನಷ್ಟ ಶೇ 18. ಅದು ತಂತಿಯ ಬಿಸಿಯಿಂದಲೋ, ನಿಂತ ಮೀಟರಿನಿಂದಲೋ, ಕಳ್ಳ ಸಂಪರ್ಕದಿಂದಲೋ ಎಂದು ಹುಡುಕಬೇಕಾದ ಜಾಗ ಆಗ ಇಡೀ ಪಟ್ಟಣವಾಗಿ ಉಳಿಯದೆ ಒಂದು ಟಿಸಿಗೆ ಇಳಿಯುತ್ತದೆ. ಆದರೆ ಪಕ್ಕದ ಟಿಸಿಯ ಇಪ್ಪತ್ತು ಮನೆಗಳನ್ನು ತಪ್ಪಾಗಿ ಇದಕ್ಕೆ ಸೇರಿಸಿದ್ದರೆ ಇಲ್ಲಿ ನಷ್ಟ ಕಡಿಮೆಯಾಗಿಯೂ ಅಲ್ಲಿ ಹೆಚ್ಚಾಗಿಯೂ ಕಾಣುತ್ತದೆ; ಕಳ್ಳತನವಿಲ್ಲದ ಕಡೆ ತನಿಖೆ ನಡೆಯುತ್ತದೆ.

ಹಳ್ಳಿಗಳಲ್ಲಿ ಈ ಲೆಕ್ಕ ಇನ್ನೂ ಜಟಿಲ. ರಾಜ್ಯದಲ್ಲಿ 10 ಅಶ್ವಶಕ್ತಿವರೆಗಿನ ನೀರಾವರಿ ಪಂಪ್‌ಸೆಟ್ಟುಗಳಿಗೆ ವಿದ್ಯುತ್ ಉಚಿತ. ಬಹುಪಾಲಿಗೆ ಮೀಟರಿಲ್ಲ. ಅವು ಬಳಸಿದ್ದೆಷ್ಟು ಎಂಬ ಅಂದಾಜಿನ ಮೇಲೆ ಸರ್ಕಾರ ಕಂಪನಿಗಳಿಗೆ ಸಹಾಯಧನ ಕೊಡುತ್ತದೆ. ಬತ್ತಿದ ಕೊಳವೆಬಾವಿಯ ಪಂಪ್‌ಸೆಟ್ ಪುಸ್ತಕದಲ್ಲಿ ಉಳಿದಿರಬಹುದು, ಹೊಲದಲ್ಲಿ ಓಡುತ್ತಿರುವುದು ಪುಸ್ತಕದಲ್ಲಿ ಇಲ್ಲದಿರಬಹುದು. ಈ ಕಾರಣದಿಂದಲೇ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಪಂಪ್‌ಸೆಟ್ಟುಗಳ ಜಿಪಿಎಸ್ ಸಮೀಕ್ಷೆ ನಡೆಸುವಂತೆ ಕಂಪನಿಗಳಿಗೆ ಸೂಚಿಸಿತು. ನಿರಂತರ ಜ್ಯೋತಿ ಯೋಜನೆಯಲ್ಲಿ ಊರಿನ ಫೀಡರನ್ನೂ ಪಂಪ್‌ಸೆಟ್ಟಿನ ಫೀಡರನ್ನೂ ಬೇರ್ಪಡಿಸಿದ ಮೇಲೆ ಸ್ಟೇಷನ್ನಿನ ಮೀಟರಿನಲ್ಲೇ ಎರಡರ ಬಳಕೆ ಬೇರೆಯಾಗಿ ಕಾಣತೊಡಗಿತು. ಯಾವ ಪಂಪ್‌ಸೆಟ್ ಯಾವ ಫೀಡರಿನದು ಎಂಬ ನಕ್ಷೆಯಿದ್ದರೆ ಮಾತ್ರ ಆ ಮೀಟರಿನ ಅಂಕಿಗೆ ಅರ್ಥ.

ಎರಡನೆಯ ಉಪಯೋಗ ಪ್ರಾಣರಕ್ಷಣೆ. ಕಂಬ ಹತ್ತುವ ಮುನ್ನ ಲೈನ್‌ಮ್ಯಾನ್ ಸ್ಟೇಷನ್ನಿನಿಂದ ಎಲ್‌ಸಿ, ಅಂದರೆ ಲೈನ್ ಕ್ಲಿಯರ್, ತೆಗೆದುಕೊಳ್ಳಬೇಕು. ಒಂದೇ ಕಂಬದ ಮೇಲೆ ಎರಡು ಫೀಡರ್ ಹೋಗಿದ್ದರೆ, ಇಲ್ಲವೆ ಲೈನುಗಳನ್ನು ಕೂಡಿಸುವ ಜಿಒಎಸ್ ಸ್ವಿಚ್ಚಿನ ಮೂಲಕ ಇನ್ನೊಂದು ಕಡೆಯಿಂದ ವಿದ್ಯುತ್ ಬರುವಂತಿದ್ದರೆ, ಒಂದಕ್ಕೆ ಮಾತ್ರ ಎಲ್‌ಸಿ ಪಡೆದು ಹತ್ತಿದವನು ಸಾವಿಗೆ ಕೈ ಚಾಚಿದಂತೆ. ಆ ಕಂಬಕ್ಕೆ ವಿದ್ಯುತ್ ತಲುಪುವ ಎಲ್ಲ ದಾರಿಗಳನ್ನೂ ನಕ್ಷೆ ಮೊದಲೇ ತೋರಿಸುತ್ತದೆ. ಜನರೇಟರ್, ಯುಪಿಎಸ್‌ಗಳಿಂದ ಹಿಮ್ಮುಖವಾಗಿ ಬರುವ ವಿದ್ಯುತ್ತನ್ನು ಮಾತ್ರ ಅದು ತೋರಿಸಲಾರದು. ಆದ್ದರಿಂದ ತಂತಿಯನ್ನು ಅರ್ಥ್ ಮಾಡುವ ಹಳೆಯ ನಿಯಮ ತಪ್ಪುವುದಿಲ್ಲ.

ಮೂರನೆಯದು ವಿಪತ್ತು. 2018 ಮತ್ತು 2019ರಲ್ಲಿ ಕಪಿಲೆ ಉಕ್ಕಿ ನಂಜನಗೂಡಿನ ತಗ್ಗು ಬಡಾವಣೆಗಳಿಗೆ ನೀರು ನುಗ್ಗಿತು. ಮಲ್ಲನಮೂಲೆ ಮಠದ ಬಳಿ ಮೈಸೂರು ರಸ್ತೆಯೂ ಮುಳುಗಿತು. ಕಬಿನಿ ಅಣೆಕಟ್ಟೆಯಿಂದ ಇಷ್ಟು ನೀರು ಬಿಟ್ಟರೆ ನದಿ ಎಷ್ಟು ಎತ್ತರಕ್ಕೆ ಏರುತ್ತದೆ ಎಂಬ ರೇಖೆಯನ್ನು ಟಿಸಿಗಳ ಪದರದ ಮೇಲಿಟ್ಟರೆ, ನೀರು ಬರುವ ಮೊದಲೇ ಯಾವ ಟಿಸಿಗಳನ್ನು ಆರಿಸಬೇಕು, ಯಾವ ನೀರಿನ ಪಂಪುಗಳು ನಿಲ್ಲುತ್ತವೆ ಎಂಬ ಪಟ್ಟಿ ತಯಾರಾಗುತ್ತದೆ.

ನಕ್ಷೆಗೆ ಸಜೀವ ಅಂಕಿ ಅಂಶ ಸೇರಿದರೆ ಅದು ಸ್ಮಾರ್ಟ್ ಗ್ರಿಡ್‌ನ ಅಡಿಪಾಯವಾಗುತ್ತದೆ. ದೇಶದ 14 ಪ್ರಾಯೋಗಿಕ ಸ್ಮಾರ್ಟ್ ಗ್ರಿಡ್ ಯೋಜನೆಗಳಲ್ಲಿ ಒಂದನ್ನು ಸೆಸ್ಕ್ ಮೈಸೂರಿನ ವಿ.ವಿ. ಮೊಹಲ್ಲಾ ವಿಭಾಗದಲ್ಲಿ 21,000ಕ್ಕೂ ಹೆಚ್ಚು ಗ್ರಾಹಕರಿಗಾಗಿ ಕೈಗೊಂಡಿತು.

ನೀರಿನ ಜಾಲ

ತಂತಿ ಕಣ್ಣಿಗೆ ಕಾಣುತ್ತದೆ, ಕೊಳವೆ ಕಾಣುವುದಿಲ್ಲ. ಹೀಗಾಗಿ ನೀರಿನ ನಕ್ಷೆ ಮಾಡುವುದು ಹೆಚ್ಚು ಕಷ್ಟ, ಮಾಡಿದರೆ ಅದರ ಬೆಲೆಯೂ ಹೆಚ್ಚು. ಮೈಸೂರು ನಗರಕ್ಕೆ ಹೊಂಗಳ್ಳಿ, ಬೆಳಗೊಳ, ಮೇಳಾಪುರಗಳಿಂದ ಕಾವೇರಿ ನೀರೂ ನಂಜನಗೂಡು ತಾಲ್ಲೂಕಿನ ಬಿದರಗೂಡಿನಿಂದ ಕಬಿನಿ ನೀರೂ ಬರುತ್ತದೆ. ಇಂಥ ಹಲವು ಮೂಲಗಳ ಜಾಲದಲ್ಲಿ ಯಾವ ಬಡಾವಣೆಗೆ ಯಾವ ನೀರು ಎಂಬುದು ವಾಲ್ವುಗಳ ಸ್ಥಿತಿಯ ಮೇಲೆ ನಿಂತಿದೆ. ಕೊಳವೆ ಒಡೆದಾಗ ಮೊದಲು ಬೇಕಾಗುವುದು ಅದನ್ನು ಪ್ರತ್ಯೇಕಿಸುವ ವಾಲ್ವುಗಳ ಗುರುತು. ರಸ್ತೆಗೆ ಡಾಂಬರು ಹಾಕುವಾಗ ಮುಚ್ಚಿಹೋದ ವಾಲ್ವ್ ಚೇಂಬರನ್ನು ಅಗೆದು ಹುಡುಕುವುದಕ್ಕೆ ಹಿಡಿಯುವ ಹೊತ್ತಿನಲ್ಲಿ ಪೋಲಾಗುವ ನೀರೇ ಹೆಚ್ಚು.

ಕೊಳವೆಯ ವ್ಯಾಸ, ಉದ್ದ, ನೆಲದ ಎತ್ತರ ನಕ್ಷೆಯಲ್ಲಿದ್ದರೆ ಒತ್ತಡದ ಲೆಕ್ಕವನ್ನೂ ಮಾಡಬಹುದು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1993ರಲ್ಲಿ ಹೊರತಂದ ಎಪಾನೆಟ್ ಎಂಬ ಉಚಿತ ತಂತ್ರಾಂಶ ಇದಕ್ಕೆ ಲೋಕದೆಲ್ಲೆಡೆ ಬಳಕೆಯಲ್ಲಿದೆ. ಟ್ಯಾಂಕಿನ ಬುಡದ ಬೀದಿಯಲ್ಲಿ ನಲ್ಲಿ ಚಿಮ್ಮುವುದು, ಊರ ತುದಿಯಲ್ಲಿ ಹನಿಯುವುದು ಏಕೆಂದು ಅದು ಅಂಕಿಯಲ್ಲಿ ಹೇಳುತ್ತದೆ. ವಿಶ್ವಬ್ಯಾಂಕ್ ನೆರವಿನಿಂದ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಗಳ ಆಯ್ದ ವಾರ್ಡುಗಳಲ್ಲಿ 2008ರ ಸುಮಾರಿಗೆ ಜಾರಿಗೆ ಬಂದ 24 ಗಂಟೆ ನೀರು ಪೂರೈಕೆಯಲ್ಲಿ ಹಳೆಯ ಕೊಳವೆಗಳನ್ನು ಬದಲಿಸಿ, ಪ್ರತಿ ಸಂಪರ್ಕಕ್ಕೂ ಮೀಟರ್ ಕೂರಿಸಿ, ಪ್ರದೇಶವನ್ನು ಅಳತೆಗೊಳಪಟ್ಟ ವಲಯಗಳಾಗಿ ಹಂಚಲಾಯಿತು. ವಲಯಕ್ಕೆ ಬಂದ ನೀರು, ಮೀಟರಿಗೆ ಸಿಕ್ಕ ನೀರು, ಇವೆರಡರ ವ್ಯತ್ಯಾಸವೇ ಲೆಕ್ಕಕ್ಕೆ ಸಿಗದ ನೀರು. ಟಿಸಿಯ ನಷ್ಟದ ಲೆಕ್ಕದ ತರ್ಕವೇ ಇಲ್ಲೂ ಇದೆ.

ಬೆಂಗಳೂರಿನಲ್ಲಿ ಈ ಲೆಕ್ಕಕ್ಕೆ ತೂಕ ಜಾಸ್ತಿ. ಅಲ್ಲಿಗೆ ಕಾವೇರಿಯನ್ನು ಸುಮಾರು 100 ಕಿಮೀ ದೂರದಿಂದ ಸುಮಾರು 500 ಮೀಟರ್ ಎತ್ತರಕ್ಕೆ ಪಂಪ್ ಮಾಡಬೇಕು. 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ ಕಾವೇರಿ ಐದನೇ ಹಂತ 110 ಹಳ್ಳಿಗಳ ಪ್ರದೇಶಕ್ಕೆ ದಿನಕ್ಕೆ 775 ದಶಲಕ್ಷ ಲೀಟರ್ ಒದಗಿಸುವ ಯೋಜನೆ. ಅಷ್ಟು ಮೇಲಕ್ಕೆ ಏರಿಸಿದ ನೀರು ನೆಲದಡಿ ಸೋರಿದರೆ ನೀರಿನೊಡನೆ ವಿದ್ಯುತ್ತೂ ವ್ಯರ್ಥ.

ಗ್ರಾಮಾಂತರದಲ್ಲಿ 2019ರ ಆಗಸ್ಟ್ 15ರಂದು ಘೋಷಣೆಯಾದ ಜಲಜೀವನ್ ಮಿಷನ್ ಕರ್ನಾಟಕದಲ್ಲಿ 'ಮನೆ ಮನೆಗೆ ಗಂಗೆ' ಎಂಬ ಹೆಸರಿನಲ್ಲಿ ಜಾರಿಯಲ್ಲಿದೆ. ತಲಾ ದಿನಕ್ಕೆ 55 ಲೀಟರ್ ಇದರ ಗುರಿ. ಕಾಮಗಾರಿಯ ಆಸ್ತಿಗಳಿಗೆ ಜಿಯೋಟ್ಯಾಗ್, ಅಂದರೆ ಸ್ಥಾನಾಂಕವಿರುವ ಛಾಯಾಚಿತ್ರ, ಕಡ್ಡಾಯ. ಇದರಿಂದ ಟ್ಯಾಂಕ್ ಎಲ್ಲಿದೆ ಎಂಬುದು ತಿಳಿಯುತ್ತದೆ. ಕೊಳವೆ ಬೀದಿಯ ಯಾವ ಮಗ್ಗುಲಲ್ಲಿ, ಎಷ್ಟು ಆಳದಲ್ಲಿದೆ ಎಂಬುದು ಅಗೆದ ಗುಂಡಿ ಮುಚ್ಚುವ ಮೊದಲು ಅಳೆದಿಟ್ಟರೆ ಮಾತ್ರ ತಿಳಿಯುತ್ತದೆ.

ಆರೋಗ್ಯಕ್ಕೂ ಈ ನಕ್ಷೆಯ ಉಪಯೋಗವಿದೆ. 1854ರಲ್ಲಿ ಲಂಡನ್ನಿನ ವೈದ್ಯ ಜಾನ್ ಸ್ನೋ ಕಾಲರಾ ಸಾವುಗಳನ್ನು ಬೀದಿನಕ್ಷೆಯ ಮೇಲೆ ಗುರುತಿಸಿ ಬ್ರಾಡ್ ಬೀದಿಯ ಒಂದು ಪಂಪಿನ ಸುತ್ತ ಅವು ಗುಂಪುಗೂಡಿರುವುದನ್ನು ತೋರಿಸಿದ್ದ. ಇಂದು ಊರಲ್ಲಿ ವಾಂತಿಭೇದಿ ಕಾಣಿಸಿಕೊಂಡಾಗ ರೋಗಿಗಳ ಮನೆ, ನಲ್ಲಿ ಕೊಳವೆ, ಚರಂಡಿ ಈ ಮೂರು ಪದರ ಒಟ್ಟಿಗಿದ್ದರೆ ಎರಡು ಕೊಳವೆ ಹಾಯುವ ಸಂಶಯದ ಜಾಗ ಬೇಗ ಸಿಗುತ್ತದೆ.

ಅಗೆತ ಮತ್ತು ಇಲಾಖೆಗಳ ನಡುವಣ ಹೊಂದಾಣಿಕೆ

ಒಬ್ಬರು ಹಾಕಿದ ರಸ್ತೆಯನ್ನು ಇನ್ನೊಬ್ಬರು ಅಗೆಯುವುದು, ಆಗ ಮೂರನೆಯವರ ಕೇಬಲ್ ತುಂಡಾಗುವುದು ಎಲ್ಲ ಊರಿನ ಕತೆ. ಇಂಥ ಅಗೆತದಿಂದ ದೇಶಕ್ಕೆ ವರ್ಷಕ್ಕೆ ಸುಮಾರು 3,000 ಕೋಟಿ ರೂಪಾಯಿ ನಷ್ಟವೆಂದು ಕೇಂದ್ರ ಸರ್ಕಾರದ ಅಂದಾಜು. 2023ರ ಮಾರ್ಚ್ 22ರಂದು 'ಕಾಲ್ ಬಿಫೋರ್ ಯೂ ಡಿಗ್' ಆ್ಯಪ್ ಬಿಡುಗಡೆಯಾಯಿತು. ಅಗೆಯುವವನು ಜಾಗ ಗುರುತಿಸಿದರೆ ಅಲ್ಲಿ ಆಸ್ತಿ ಹೊಂದಿರುವ ಸಂಸ್ಥೆಗಳಿಗೆ ಸೂಚನೆ ಹೋಗುತ್ತದೆ. ಸಂಸ್ಥೆಗಳ ನಕ್ಷೆಗಳು ನಿಖರವಾಗಿದ್ದಷ್ಟೇ ಈ ಸೂಚನೆಯ ಪ್ರಯೋಜನ. 2021ರ ಅಕ್ಟೋಬರ್‌ನಲ್ಲಿ ಆರಂಭವಾದ ಪಿಎಂ ಗತಿಶಕ್ತಿ ಹಲವು ಸಚಿವಾಲಯಗಳ ಪದರಗಳನ್ನು ಒಂದೆಡೆ ತಂದಿದೆ.

ಕರ್ನಾಟಕದಲ್ಲಿ ಈ ಕೆಲಸಕ್ಕೆ ತಾಂತ್ರಿಕ ನೆಲೆ ಕರ್ನಾಟಕ ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರ. ರಾಜ್ಯದ ಸಾಮಾನ್ಯ ನಕ್ಷೆನೆಲೆಯಾದ ಕೆ-ಜಿಐಎಸ್ ಅನ್ನು ಅದು ನಡೆಸುತ್ತದೆ. ನಿಂತ ಜಾಗದ ಸರ್ವೆ ನಂಬರ್ ತೋರಿಸುವ ದಿಶಾಂಕ್ ಆ್ಯಪ್ ರೈತರಿಗೂ ನಿವೇಶನ ಕೊಳ್ಳುವವರಿಗೂ ಚೆನ್ನಾಗಿ ಪರಿಚಿತ. ಬೆಂಗಳೂರಿನ ರಾಜಕಾಲುವೆ ಒತ್ತುವರಿ ವಿವಾದಗಳಲ್ಲಿ ಹಳೆಯ ಗ್ರಾಮನಕ್ಷೆ ಜನರ ಕೈಗೆ ಬಂದದ್ದು ಇದರ ಮೂಲಕ. 2020ರ ಏಪ್ರಿಲ್ 24ರಂದು ಆರಂಭವಾದ ಸ್ವಾಮಿತ್ವ ಯೋಜನೆಯ ಮೊದಲ ರಾಜ್ಯಗಳಲ್ಲಿ ಕರ್ನಾಟಕವೂ ಸೇರಿತ್ತು. ಕಂದಾಯ ಸರ್ವೆ ಹೊಲಗಳನ್ನು ಅಳೆದರೂ ಊರ ಒಳಗಿನ ಗ್ರಾಮಠಾಣಾ ಪ್ರದೇಶದ ಮನೆಮನೆಯ ಗಡಿಯನ್ನು ಬಿಟ್ಟಿತ್ತು. ಡ್ರೋನ್ ಮೂಲಕ ಆ ಖಾಲಿ ಜಾಗವನ್ನು ತುಂಬುವುದು ಸ್ವಾಮಿತ್ವದ ಗುರಿ. ನಲ್ಲಿ, ಮೀಟರ್, ಬೀದಿದೀಪಗಳೆಲ್ಲ ಇರುವುದು ಅಲ್ಲೇ. 2021ರ ಫೆಬ್ರವರಿ 15ರ ಕೇಂದ್ರ ಮಾರ್ಗಸೂಚಿ ಭಾರತೀಯ ಸಂಸ್ಥೆಗಳು ಪೂರ್ವಾನುಮತಿಯಿಲ್ಲದೆ ಸೂಕ್ಷ್ಮ ನಕ್ಷೆ ತಯಾರಿಸಲು ದಾರಿ ತೆರೆಯಿತು. 2022ರಲ್ಲಿ ರಾಷ್ಟ್ರೀಯ ಭೂಪ್ರಾದೇಶಿಕ ನೀತಿ ಬಂತು.

ಮಿತಿಗಳು

ಮೊದಲನೆಯದು ನಿಖರತೆ. ಸಾಮಾನ್ಯ ಮೊಬೈಲಿನ ಜಿಪಿಎಸ್‌ನಲ್ಲಿ ಐದರಿಂದ ಹತ್ತು ಮೀಟರ್ ವ್ಯತ್ಯಾಸ ಸಹಜ. ಹೊಲದ ಟಿಸಿಗೆ ಅದು ಸಾಕು. ಹತ್ತಡಿ ಅಗಲದ ಓಣಿಯಲ್ಲಿ ಕೊಳವೆ ಎದುರುಮನೆಯ ಹಿತ್ತಿಲಿಗೆ ಹೋಗಿಬಿಡುತ್ತದೆ. ಭಾರತೀಯ ಸರ್ವೇಕ್ಷಣ ಇಲಾಖೆಯ ನಿರಂತರ ಉಲ್ಲೇಖ ಕೇಂದ್ರಗಳ ನೆರವಿನಿಂದ ಕೆಲವೇ ಸೆಂಟಿಮೀಟರ್ ನಿಖರತೆ ಪಡೆಯಬಹುದು, ಖರ್ಚು ಮಾತ್ರ ಹೆಚ್ಚು. ಹಳೆಯ ಸ್ಥಳಾಕೃತಿ ನಕ್ಷೆಗಳು ಎವರೆಸ್ಟ್ ಗೋಲಾಭವನ್ನೂ ಜಿಪಿಎಸ್ ಡಬ್ಲ್ಯುಜಿಎಸ್-84 ಅನ್ನೂ ಆಧರಿಸಿವೆ. ತಿದ್ದುಪಡಿ ಮಾಡದೆ ಎರಡನ್ನೂ ಒಂದರ ಮೇಲೊಂದು ಇಟ್ಟರೆ ನೂರು ಮೀಟರಿಗೂ ಹೆಚ್ಚು ಜರುಗುತ್ತವೆ.

ಎರಡನೆಯದು ಹೆಸರು. ಹದಿನಾರು ಎಂಬುದು ಊರೂ ಹೌದು, ಎಣಿಕೆಯೂ ಹೌದು. ನಂಜನಗೂಡು, ನರಸೀಪುರಗಳನ್ನು ರೋಮನ್ ಅಕ್ಷರದಲ್ಲಿ ಒಂದೊಂದು ಕಚೇರಿ ಒಂದೊಂದು ಬಗೆಯಾಗಿ ಬರೆದರೆ ಒಂದೇ ಊರು ಕಂಪ್ಯೂಟರಿಗೆ ಮೂರು ಊರಾಗುತ್ತದೆ. ಕೇಂದ್ರ ಪಂಚಾಯತ್ ರಾಜ್ ಸಚಿವಾಲಯದ ಸ್ಥಳೀಯ ಸರ್ಕಾರಗಳ ಕೋಶ ಪ್ರತಿ ಗ್ರಾಮಕ್ಕೂ ಒಂದೇ ಸಂಕೇತ ಸಂಖ್ಯೆ ಕೊಟ್ಟಿರುವುದು ಈ ತೊಡಕಿನ ಪರಿಹಾರಕ್ಕೆ.

ಮೂರನೆಯದು ಗೋಪ್ಯತೆ ಮತ್ತು ಭದ್ರತೆ. ಮನೆಯ ಸ್ಥಾನ, ಯಜಮಾನರ ಹೆಸರು, ತಿಂಗಳ ಬಳಕೆ ಒಟ್ಟಿಗಿದ್ದರೆ ಮನೆ ಯಾವಾಗ ಖಾಲಿ ಎಂಬುದೂ ತಿಳಿಯುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಇಂಥ ಮಾಹಿತಿ ಬರುತ್ತದೆ.

ಎಲ್ಲಕ್ಕಿಂತ ದೊಡ್ಡದು ನಾಲ್ಕನೆಯದು, ನಕ್ಷೆ ಹಳತಾಗುವುದು. ಸಮೀಕ್ಷೆಗೆ ಟೆಂಡರ್ ಇರುತ್ತದೆ, ಗಡುವು ಇರುತ್ತದೆ. ದಿನನಿತ್ಯದ ತಿದ್ದುಪಡಿಗೆ ಅವೆರಡೂ ಇರುವುದಿಲ್ಲ. ಮಳೆಗಾಲದ ಒಂದು ಬಿರುಗಾಳಿಗೆ ಬಿದ್ದ ಕಂಬಗಳನ್ನು ರಾತ್ರೋರಾತ್ರಿ ಬೇರೆ ಜಾಗದಲ್ಲಿ ನೆಡುತ್ತಾರೆ, ಸುಟ್ಟ ಟಿಸಿಯ ಮನೆಗಳನ್ನು ಪಕ್ಕದ ಟಿಸಿಗೆ ಕಟ್ಟುತ್ತಾರೆ, ಹೊಸ ಬಡಾವಣೆಗೆ ಕೊಳವೆ ಎಳೆಯುತ್ತಾರೆ. ಇದು ಲೈನ್‌ಮ್ಯಾನ್‌ಗೂ ನೀರಗಂಟಿಗೂ ಆ ಕ್ಷಣದಲ್ಲೇ ಗೊತ್ತು, ನಕ್ಷೆಗೆ ಗೊತ್ತಿಲ್ಲ. ತಪ್ಪು ನಕ್ಷೆಯನ್ನು ನಂಬಿ ಕಂಬ ಹತ್ತುವುದು ನಕ್ಷೆಯೇ ಇಲ್ಲದೆ ಹತ್ತುವುದಕ್ಕಿಂತ ಅಪಾಯ. ಕೆಲಸ ಮುಗಿಸಿದ ಜಾಗದಲ್ಲೇ ತಿದ್ದುಪಡಿ ದಾಖಲಿಸುವ ಅವಕಾಶ ಕ್ಷೇತ್ರ ಸಿಬ್ಬಂದಿಗೆ ಕನ್ನಡದಲ್ಲಿ ಇದ್ದು, ಅದನ್ನು ಕಚೇರಿ ಅಂದೇ ಪರಿಶೀಲಿಸಿ ಒಪ್ಪುವ ಕಡೆ ನಕ್ಷೆ ಬಾಳುತ್ತದೆ. ಹಾಗಿಲ್ಲದ ಕಡೆ ಕೆಲವೇ ವರ್ಷಗಳಲ್ಲಿ ಜಾಲದ ನಿಜವಾದ ನಕ್ಷೆ ಮತ್ತೆ ಅವರ ತಲೆಯೊಳಗೇ ಉಳಿಯುತ್ತದೆ.